ಬುಯೊ ಮಾರು: ನೀರಿಗೆ ಬಿದ್ದ ಭಾರತೀಯ ಕೈದಿಗಳ ಮೇಲೆ ಗುಂಡು ಹಾರಿದ ಜನವರಿ 26

ಜನವರಿ 26 ನಮಗೆ ಗಣರಾಜ್ಯೋತ್ಸವ. 1943ರಲ್ಲಿ ಅದು ಇನ್ನೂ 'ಸ್ವಾತಂತ್ರ್ಯ ದಿನ'ವಾಗಿತ್ತು. ಕಾಂಗ್ರೆಸ್ 1930ರಿಂದ ಪ್ರತಿವರ್ಷ ಅವತ್ತು ಪೂರ್ಣ ಸ್ವರಾಜ್ಯದ ಪ್ರತಿಜ್ಞೆ ಓದಿಸುತ್ತಿತ್ತು. ಆ ವರ್ಷ ಓದಿಸಬೇಕಾದ ನಾಯಕರೆಲ್ಲ ಕ್ವಿಟ್ ಇಂಡಿಯಾ ಚಳವಳಿಯಿಂದಾಗಿ ಜೈಲಿನಲ್ಲಿದ್ದರು, ಗಾಂಧಿ ಪುಣೆಯ ಆಗಾ ಖಾನ್ ಅರಮನೆಯಲ್ಲಿ ಬಂಧಿಯಾಗಿದ್ದರು. ಅದೇ ದಿನ ಇಲ್ಲಿಂದ ಸಾವಿರಾರು ಮೈಲಿ ದೂರದಲ್ಲಿ, ನ್ಯೂಗಿನಿ ದ್ವೀಪದ ಉತ್ತರದ ಸಮುದ್ರದಲ್ಲಿ, ಬುಯೊ ಮಾರು ಎಂಬ ಜಪಾನಿ ಹಡಗು ಮುಳುಗಿತು. ಮುಳುಗಿಸಿದ್ದು ಅಮೆರಿಕದ ಸಬ್‌ಮರೀನ್ 'ವಾಹೂ'. ಹಡಗಿನಲ್ಲಿ 1,126 ಜನ ಇದ್ದರು. ಸತ್ತವರು 282. ಅದರಲ್ಲಿ ಜಪಾನಿಯರು 87. ಉಳಿದ 195 ಮಂದಿ ಭಾರತೀಯರು, ಬ್ರಿಟಿಷ್ ಇಂಡಿಯನ್ ಆರ್ಮಿಯ ಸೈನಿಕರು, ಜಪಾನಿಯರ ಕೈಯಲ್ಲಿದ್ದ ಯುದ್ಧಕೈದಿಗಳು.

ಅಂದರೆ ಶತ್ರುವಿನ ಹಡಗು ಅಂತ ಮುಳುಗಿಸಿದ್ದರಲ್ಲಿ ಸತ್ತ ಪ್ರತಿ ಹತ್ತು ಜನರಲ್ಲಿ ಏಳು ಮಂದಿ ಮುಳುಗಿಸಿದವರ ಪಕ್ಷದವರೇ.

ಯುದ್ಧದಲ್ಲಿ ಇಂಥ ದುರಂತಗಳು ಆಗುತ್ತವೆ ಅಂತ ನೀವು ಹೇಳಬಹುದು. ಸರಿ. ಆದರೆ ಇಲ್ಲಿ ಸಾವು ಟಾರ್ಪೆಡೊದಿಂದ ಮಾತ್ರ ಬರಲಿಲ್ಲ. ಹಡಗು ಮುಳುಗಿದ ಮೇಲೆ, ಜನ ದೋಣಿಗಳಲ್ಲಿ, ಹಲಗೆಗಳ ಮೇಲೆ, ಬರಿ ನೀರಿನಲ್ಲಿ ತೇಲುತ್ತಿದ್ದಾಗ, ವಾಹೂ ಮೇಲೆದ್ದು ಬಂದು ಫಿರಂಗಿ ಮತ್ತು ಮೆಷಿನ್ ಗನ್‌ಗಳಿಂದ ಗುಂಡು ಹಾರಿಸಿತು. 282 ಅನ್ನೋ ಲೆಕ್ಕದಲ್ಲಿ ಎರಡೂ ಬಗೆಯ ಸಾವುಗಳು ಸೇರಿಕೊಂಡಿವೆ.

ನಾನು ಈ ಹಡಗಿನ ಹೆಸರು ಮೊದಲು ನೋಡಿದ್ದು ಸಬ್‌ಮರೀನ್ ಸಾಹಸಗಳ ಬಗ್ಗೆ ಓದುವಾಗ, ಒಂದು ಅಡಿಟಿಪ್ಪಣಿಯಲ್ಲಿ. ವಾಹೂ ಕ್ಯಾಪ್ಟನ್ನನ ಧೈರ್ಯದ ಕಥೆ ಪುಟಗಟ್ಟಲೆ ಇತ್ತು, ಭಾರತೀಯ ಕೈದಿಗಳಿಗೆ ಸಿಕ್ಕಿದ್ದು ಎರಡು ಸಾಲು. ಶಾಲೆಯಲ್ಲಿ ಎರಡನೇ ಮಹಾಯುದ್ಧ ಅಂದರೆ ಹಿಟ್ಲರ್, ಹಿರೋಶಿಮಾ, ನಡುವೆ ಸುಭಾಷ್ ಬೋಸ್ ಅಂತ ಓದಿಕೊಂಡು ಬಂದವನು ನಾನು. ಈ ಜನ ಆ ಯಾವ ಅಧ್ಯಾಯದಲ್ಲೂ ಇರಲಿಲ್ಲ.

ಸಿಂಗಾಪುರದಿಂದ ನ್ಯೂಗಿನಿಗೆ

ಅವರು ಆ ಹಡಗಿಗೆ ಹೇಗೆ ಬಂದರು ಅಂತ ತಿಳಿಯೋಕೆ ಒಂದು ವರ್ಷ ಹಿಂದೆ ಹೋಗಬೇಕು. 1942ರ ಫೆಬ್ರವರಿ 15ಕ್ಕೆ ಸಿಂಗಾಪುರ ಬಿತ್ತು. ಎರಡು ದಿನ ಬಿಟ್ಟು ಭಾರತೀಯ ಸೈನಿಕರನ್ನು ಮಾತ್ರ ಬೇರ್ಪಡಿಸಿ ಫ್ಯಾರರ್ ಪಾರ್ಕ್ ಮೈದಾನದಲ್ಲಿ ನಿಲ್ಲಿಸಿದರು, ಸುಮಾರು 45,000 ಜನ. ಬ್ರಿಟಿಷ್ ಅಧಿಕಾರಿಯೊಬ್ಬ ಅವರನ್ನು ಜಪಾನಿಯರಿಗೆ ಒಪ್ಪಿಸಿದ. ಜಪಾನಿನ ಮೇಜರ್ ಫುಜಿವಾರಾ ಅವರನ್ನು ಕ್ಯಾಪ್ಟನ್ ಮೋಹನ್ ಸಿಂಗ್ ಕೈಗೆ ಕೊಟ್ಟ. ಮೊದಲ ಆಜಾದ್ ಹಿಂದ್ ಫೌಜ್ ಹುಟ್ಟಿದ್ದು ಹೀಗೆ. ಸಿಂಗಾಪುರದಲ್ಲಿ ಸೆರೆಯಾದವರಲ್ಲಿ ನಮ್ಮ ಮೈಸೂರು ಸಂಸ್ಥಾನದ ಪಡೆಯ ಒಂದು ಬೆಟಾಲಿಯನ್ ಕೂಡ ಇತ್ತು ಅನ್ನೋದನ್ನ ಇಲ್ಲೇ ಹೇಳಿಬಿಡುತ್ತೇನೆ.

ಹತ್ತಾರು ಸಾವಿರ ಮಂದಿ ಫೌಜಿಗೆ ಸೇರಲು ಮುಂದೆ ಬಂದರು, ಹಾಗೇ ಹತ್ತಾರು ಸಾವಿರ ಮಂದಿ ಒಪ್ಪಲಿಲ್ಲ. ಒಪ್ಪದವರಿಗೆ ಅವರದೇ ಕಾರಣಗಳಿದ್ದವು. ಕೆಲವರಿಗೆ ತಿಂದ ಉಪ್ಪಿನ ಋಣ, ಕೆಲವರಿಗೆ ರೆಜಿಮೆಂಟಿನ ಮಾನ, ಇನ್ನು ಕೆಲವರಿಗೆ ಜಪಾನಿಯರ ಮೇಲೆ ನಂಬಿಕೆ ಇಲ್ಲ. 1942ರ ಕೊನೆಗೆ ಜಪಾನಿಯರ ಉದ್ದೇಶದ ಬಗ್ಗೆ ಅನುಮಾನ ಬಂದು ಮೋಹನ್ ಸಿಂಗ್ ತಿರುಗಿಬಿದ್ದರು. ಡಿಸೆಂಬರ್ 29ಕ್ಕೆ ಅವರ ಬಂಧನವಾಯಿತು, ಮೊದಲ ಫೌಜ್ ಕರಗಿತು. ಬೋಸ್ ಬಂದು ಅದನ್ನು ಮತ್ತೆ ಕಟ್ಟಿದ್ದು 1943ರ ಜುಲೈಯಲ್ಲಿ. ನಡುವಿನ ಈ ಕಾಲದಲ್ಲಿ ಫೌಜಿನ ಹೊರಗಿದ್ದವರನ್ನ ಜಪಾನ್ ಕೂಲಿಗಳಂತೆ ಹಡಗಿಗೆ ತುಂಬಿತು. ಏರ್‌ಸ್ಟ್ರಿಪ್ ಕಟ್ಟೋಕೆ, ಮೂಟೆ ಹೊರೋಕೆ, ನ್ಯೂಗಿನಿ, ನ್ಯೂ ಬ್ರಿಟನ್ ದ್ವೀಪಗಳಿಗೆ.

ಬುಯೊ ಮಾರುವಿನಲ್ಲಿದ್ದವರು 16ನೇ ಪಂಜಾಬ್ ರೆಜಿಮೆಂಟಿನ 2ನೇ ಬೆಟಾಲಿಯನ್ನಿನವರು. 1941ರ ಡಿಸೆಂಬರಿನಲ್ಲಿ ಮಲಯಾದ ಉತ್ತರ ತುದಿಯ ಜಿತ್ರಾದಲ್ಲಿ ಜಪಾನಿಯರ ಮೊದಲ ಹೊಡೆತ ತಿಂದ ಪಡೆಗಳಲ್ಲಿ ಅದೂ ಒಂದು. ('ಮಾರು' ಅನ್ನೋದು ಜಪಾನಿ ವ್ಯಾಪಾರಿ ಹಡಗುಗಳ ಹೆಸರಿನ ಕೊನೆಗೆ ಬರುವ ಪದ. ನಾವು ಹಗ್ಗ ಅಳೆಯೋ ಮಾರು ಅಲ್ಲ.)

ಇಂಥ ಹಡಗುಗಳಿಗೆ ಬದುಕುಳಿದವರು ಇಟ್ಟ ಹೆಸರು ನರಕದ ಹಡಗು. ಸರಕು ತುಂಬುವ ತಳಮನೆಗಳಲ್ಲಿ ಕೈದಿಗಳನ್ನು ಒತ್ತಿ ತುಂಬುತ್ತಿದ್ದರು. ಗಾಳಿ ಇಲ್ಲ, ನೀರು ಇಲ್ಲ, ಕಕ್ಕಸಿಗೆ ಒಂದು ಬಕೆಟ್. ಆಮಶಂಕೆ ಹಬ್ಬಿದರೆ ಮುಗೀತು. ಎಲ್ಲಕ್ಕಿಂತ ಮುಖ್ಯ, ಒಳಗೆ ಕೈದಿಗಳಿದ್ದಾರೆ ಅಂತ ಹೇಳುವ ಗುರುತು ಹಡಗಿನ ಮೇಲೆ ಇರುತ್ತಿರಲಿಲ್ಲ. ಅದೇ ಹಡಗಿನಲ್ಲಿ ಜಪಾನಿ ಸೈನಿಕರು, ಮದ್ದುಗುಂಡು ಕೂಡ ಹೋಗುತ್ತಿದ್ದವು. ಇನ್ನೊಂದು ಕಡೆ ಅಮೆರಿಕ ಪರ್ಲ್ ಹಾರ್ಬರ್ ದಾಳಿಯಾದ ದಿನವೇ ಜಪಾನಿನ ವಿರುದ್ಧ ಅನಿರ್ಬಂಧಿತ ಸಬ್‌ಮರೀನ್ ಯುದ್ಧಕ್ಕೆ ಆದೇಶ ಕೊಟ್ಟಿತ್ತು. ಅರ್ಥ ಇಷ್ಟೇ, ಜಪಾನಿ ಬಾವುಟದ ಹಡಗು ಯಾವುದೇ ಇರಲಿ, ಎಚ್ಚರಿಕೆ ಕೊಡದೆ ಮುಳುಗಿಸಿ.

ಇವೆರಡೂ ಸೇರಿದರೆ ಆಗೋದೇನು ಅನ್ನೋದಕ್ಕೆ ದೊಡ್ಡ ಪಟ್ಟಿಯೇ ಇದೆ. 1942ರ ಜುಲೈ 1ರಂದು ಮಾಂಟೆವಿಡಿಯೊ ಮಾರು, ಸಾವಿರದಷ್ಟು ಕೈದಿಗಳು, ಬಹುತೇಕ ಆಸ್ಟ್ರೇಲಿಯನ್ನರು. ಅದೇ ಅಕ್ಟೋಬರಿನಲ್ಲಿ ಲಿಸ್ಬನ್ ಮಾರು, 800ಕ್ಕೂ ಹೆಚ್ಚು ಬ್ರಿಟಿಷರು. ಅಲ್ಲಿ ಚೀನಾದ ದ್ವೀಪಗಳ ಮೀನುಗಾರರು ತಮ್ಮ ಪುಟ್ಟ ದೋಣಿಗಳಲ್ಲಿ ಹೋಗಿ 384 ಜನರನ್ನು ಎಳೆದು ತಂದರು. 1944ರ ಸೆಪ್ಟೆಂಬರ್ 18ರಂದು ಸುಮಾತ್ರಾ ಬಳಿ ಜುನ್ಯೊ ಮಾರು, 5,600ಕ್ಕೂ ಹೆಚ್ಚು ಸಾವು. ಅವರಲ್ಲಿ ಹೆಚ್ಚಿನವರು ಜಾವಾದಿಂದ ಹಿಡಿದು ತಂದ ಬಡ ಕೂಲಿಗಳು. ಇವೆಲ್ಲವನ್ನೂ ಮುಳುಗಿಸಿದ್ದು ಮಿತ್ರಪಕ್ಷದ ಸಬ್‌ಮರೀನ್‌ಗಳೇ. ಒಳಗೆ ಯಾರಿದ್ದಾರೆಂದು ಎಷ್ಟರ ಮಟ್ಟಿಗೆ ಗೊತ್ತಿತ್ತು ಅನ್ನೋದರ ಬಗ್ಗೆ ಇತಿಹಾಸಕಾರರು ಇವತ್ತಿಗೂ ಜಗಳವಾಡುತ್ತಾರೆ. ಗುರುತು ಹಾಕದೆ ಕೈದಿಗಳನ್ನು ಕಳಿಸಿದ ಜಪಾನಿನ ಹೊಣೆಯ ಬಗ್ಗೆ ಮಾತ್ರ ಜಗಳವಿಲ್ಲ.

ಬುಯೊ ಮಾರು ಈ ಪಟ್ಟಿಯಲ್ಲಿ ಚಿಕ್ಕದು. ಆದರೆ ಅಲ್ಲಿ ನಡೆದದ್ದು ಬೇರೆ ಥರ.

ಆ ದಿನ

ವಾಹೂ ಕ್ಯಾಪ್ಟನ್ ಡಡ್ಲಿ ಮಾರ್ಟನ್. ಎರಡನೇ ಸ್ಥಾನದಲ್ಲಿದ್ದವನು ರಿಚರ್ಡ್ ಓಕೇನ್. ಎರಡು ದಿನ ಮೊದಲಷ್ಟೇ ಅವರು ನ್ಯೂಗಿನಿಯ ವೆವಾಕ್ ಬಂದರಿನೊಳಗೇ ನುಗ್ಗಿ ಒಂದು ಜಪಾನಿ ಡಿಸ್ಟ್ರಾಯರಿಗೆ ಟಾರ್ಪೆಡೊ ಹೊಡೆದಿದ್ದರು. ಸರಿಯಾದ ನಕ್ಷೆ ಇಲ್ಲದೆ, ನಾವಿಕನೊಬ್ಬನ ಹತ್ತಿರವಿದ್ದ ಶಾಲಾ ಅಟ್ಲಾಸ್ ಹಿಡಿದು ದಾರಿ ಹುಡುಕಿದರಂತೆ. ಆ ಉತ್ಸಾಹದಲ್ಲೇ 26ರಂದು ಹಡಗುಗಳ ಸಾಲೊಂದು ಸಿಕ್ಕಿತು. ಒಂದರ ಮೇಲೊಂದು ಟಾರ್ಪೆಡೊ. ಬುಯೊ ಮಾರು ಮೊದಲ ಹೊಡೆತಕ್ಕೆ ನಿಂತುಹೋಯಿತು, ಮತ್ತೆ ಹೊಡೆದಾಗ ಮುಳುಗಿತು. ಸಾಲಿನ ಉಳಿದ ಹಡಗುಗಳು ದೂರ ಸರಿಯುತ್ತಿದ್ದವು. ವಾಹೂವಿನ ಬ್ಯಾಟರಿ ಖಾಲಿಯಾಗುತ್ತಿತ್ತು, ಚಾರ್ಜ್ ಮಾಡಲು ಮೇಲೆ ಬರಲೇಬೇಕಿತ್ತು. ಬಂದಾಗ ಸುತ್ತ ಸಮುದ್ರದ ತುಂಬ ಜನ, ದೋಣಿ.

ಮಾರ್ಟನ್ ಗುಂಡು ಹಾರಿಸಲು ಆದೇಶ ಕೊಟ್ಟ. ಮೊದಲು ಒಂದು ದೊಡ್ಡ ದೋಣಿಯತ್ತ ಹೊಡೆದಾಗ ಅತ್ತಲಿಂದಲೂ ಗುಂಡು ಬಂತು ಅಂತ ವಾಹೂ ಕಡೆಯವರು ಹೇಳಿದರು. ಆಮೇಲೆ ಎಲ್ಲ ದೋಣಿಗಳ ಮೇಲೂ ದಾಳಿಯಾಯಿತು. ಇದನ್ನು ಯಾರೂ ಮುಚ್ಚಿಡಲಿಲ್ಲ, ಅದೇ ವಿಚಿತ್ರ. ದೋಣಿಗಳನ್ನೆಲ್ಲ ನಾಶಮಾಡಿದೆವು, ಸೈನಿಕರಲ್ಲಿ ಹೆಚ್ಚಿನವರನ್ನೂ ಮುಗಿಸಿದೆವು ಅನ್ನೋ ಅರ್ಥದಲ್ಲಿ ಮಾರ್ಟನ್ ತನ್ನ ಅಧಿಕೃತ ವರದಿಯಲ್ಲೇ ಬರೆದ. ಅವನ ತರ್ಕ ಸರಳ. ಇವರು ದಡ ಸೇರಿದರೆ ನಾಳೆ ನ್ಯೂಗಿನಿಯಲ್ಲಿ ನಮ್ಮವರನ್ನು ಕೊಲ್ಲುತ್ತಾರೆ. ನೀರಿನಲ್ಲಿ ಸಾವಿರಗಟ್ಟಲೆ ಜಪಾನಿ ಸೈನಿಕರಿದ್ದಾರೆ ಅಂತ ಅವನು ನಂಬಿದ್ದ.

ಇದ್ದವರು ಒಟ್ಟು 1,126. ಅವರಲ್ಲಿ 844 ಜನ ಉಳಿದರು, ಜಪಾನಿ ಹಡಗೊಂದು ಬಂದು ಎತ್ತಿಕೊಂಡಿತು. ಉಳಿದ ಜಪಾನಿಯರಲ್ಲಿ ಬಹಳಷ್ಟು ಜನ ಮದ್ದುಗುಂಡು ಸಂಗ್ರಹಾಗಾರದ ಒಂದು ಘಟಕದವರು. ಉಳಿದ ಭಾರತೀಯರು ಮತ್ತೆ ಕೈದಿಗಳಾದರು.

ವಾಹೂ ಫೆಬ್ರವರಿ 7ಕ್ಕೆ ಪರ್ಲ್ ಹಾರ್ಬರಿಗೆ ಮರಳಿತು. ಪೆರಿಸ್ಕೋಪಿಗೆ ಒಂದು ಪೊರಕೆ ಕಟ್ಟಿದ್ದರು, ಎಲ್ಲ ಗುಡಿಸಿ ಬಂದೆವು ಅನ್ನೋದಕ್ಕೆ. ಮಾರ್ಟನ್‌ಗೆ ನೌಕಾಪಡೆಯ ನೇವಿ ಕ್ರಾಸ್ ಸಿಕ್ಕಿತು. ಭೂಸೇನೆಯ ಕಡೆಯಿಂದ ಜನರಲ್ ಮೆಕಾರ್ಥರ್ ಇನ್ನೊಂದು ದೊಡ್ಡ ಪದಕ ಕೊಟ್ಟ. ಮುಂದೆ ಒಂದು ಯುದ್ಧನೌಕೆಗೂ ಅವನ ಹೆಸರಿಟ್ಟರು. ಸಬ್‌ಮರೀನ್ ಪಡೆಯೊಳಗೇ ಕೆಲವು ಅಧಿಕಾರಿಗಳಿಗೆ ಅವನು ಮಾಡಿದ್ದು ಕೊಲೆ ಅಂತ ಅನ್ನಿಸಿತ್ತು, ಆದರೆ ಮೇಲಿನವರು ಒಂದು ಮಾತನ್ನೂ ಆಡಲಿಲ್ಲ. ಆ ನೀರಿನಲ್ಲಿ ಭಾರತೀಯರೂ ಇದ್ದರು ಅನ್ನೋದು ಅಮೆರಿಕದ ಓದುಗರಿಗೆ ಸರಿಯಾಗಿ ಗೊತ್ತಾಗಿದ್ದು ಅರ್ಧ ಶತಮಾನ ಕಳೆದ ಮೇಲೆ, ಜೇಮ್ಸ್ ಡಿರೋಸ್ 2000ರಲ್ಲಿ ಜಪಾನಿ ದಾಖಲೆ ಹಿಡಿದು ಬರೆದಾಗ.

'ಗೊತ್ತಿರಲಿಲ್ಲ' ಅನ್ನೋ ಉತ್ತರ

ಮಾರ್ಟನ್ ಪರ ವಾದಿಸುವವರ ಮೊದಲ ಮಾತೇ ಇದು. ಅವನಿಗೆ ಭಾರತೀಯರು ಇದ್ದಾರೆ ಅಂತ ಗೊತ್ತಿರಲಿಲ್ಲ. ನಿಜ ಇರಬಹುದು. ನಾನೂ ಮೊದಲು ಈ ಪ್ರಶ್ನೆಯಲ್ಲೇ ಸಿಕ್ಕಿಕೊಂಡಿದ್ದೆ. ಅಷ್ಟು ಹತ್ತಿರದಿಂದ ಮುಖ ಕಾಣಲಿಲ್ಲವಾ? ಪೇಟ, ಗಡ್ಡ ಕಾಣಲಿಲ್ಲವಾ? ಆಮೇಲೆ ನನಗೇ ನಾಚಿಕೆಯಾಯಿತು. ನಾನು ಕೇಳುತ್ತಿದ್ದ ಪ್ರಶ್ನೆಯೊಳಗೆ, ಎಲ್ಲರೂ ಜಪಾನಿಯರೇ ಆಗಿದ್ದರೆ ಪರವಾಗಿಲ್ಲ ಅನ್ನೋ ಒಪ್ಪಿಗೆ ಅಡಗಿ ಕೂತಿತ್ತು.

ಕಾನೂನು ಆ ಪ್ರಶ್ನೆಯನ್ನೇ ಕೇಳುವುದಿಲ್ಲ. ಹಡಗೊಡೆದು ನೀರಿಗೆ ಬಿದ್ದವನು ಯಾವ ದೇಶದವನು, ನಾಳೆ ಬಂದೂಕು ಹಿಡಿಯುತ್ತಾನಾ ಅನ್ನೋದು ಅದಕ್ಕೆ ಬೇಕಿಲ್ಲ. ಕಾದಾಡುತ್ತಿಲ್ಲ, ಅಸಹಾಯಕ, ಅಷ್ಟು ಸಾಕು. ಸಮುದ್ರಯುದ್ಧದ ಬಗೆಗಿನ 1907ರ ಹೇಗ್ ಒಪ್ಪಂದ, ಕಾದಾಟ ಮುಗಿದ ಮೇಲೆ ನೀರಿಗೆ ಬಿದ್ದವರನ್ನು ಹುಡುಕಿ ಕಾಪಾಡುವ ಹೊಣೆಯನ್ನೇ ಹೇಳಿತ್ತು. ಬರಿ ಕಾಗದದ ಮೇಲಿನ ಮಾತೂ ಅಲ್ಲ. 1918ರ ಜೂನ್ 27ರಂದು ಜರ್ಮನ್ ಸಬ್‌ಮರೀನ್ ಲ್ಯಾಂಡೊವರಿ ಕ್ಯಾಸಲ್ ಎಂಬ ಆಸ್ಪತ್ರೆ ಹಡಗನ್ನು ಮುಳುಗಿಸಿ, ತಪ್ಪಿಸಿಕೊಳ್ಳುತ್ತಿದ್ದ ದೋಣಿಗಳ ಮೇಲೆ ಗುಂಡು ಹಾರಿಸಿತ್ತು. 234 ಜನ ಸತ್ತರು. 1921ರಲ್ಲಿ ಲೈಪ್‌ಜಿಗ್‌ನ ಜರ್ಮನ್ ಕೋರ್ಟೇ ಇಬ್ಬರು ಅಧಿಕಾರಿಗಳಿಗೆ ಶಿಕ್ಷೆ ಕೊಟ್ಟಿತು. ನೀರಲ್ಲಿ ಮುಳುಗುತ್ತಿರುವವನಿಗೆ ಗುಂಡು ಹೊಡಿ ಅನ್ನೋ ಆದೇಶ ತಪ್ಪು ಅಂತ ಯಾವ ನಾವಿಕನಿಗಾದರೂ ಗೊತ್ತಿರಬೇಕು, ಮೇಲಿನವರು ಹೇಳಿದರು ಅಂದರೆ ಸಾಲದು ಅನ್ನೋದು ಆ ತೀರ್ಪಿನ ತಿರುಳು. ಮಾರ್ಟನ್‌ಗಿಂತ 22 ವರ್ಷ ಮೊದಲು.

ಈಗ ಇನ್ನೊಂದು ಕೇಸನ್ನ ಪಕ್ಕಕ್ಕಿಟ್ಟು ನೋಡಿ. 1944ರ ಮಾರ್ಚ್ 13ರಂದು ಜರ್ಮನ್ ಕ್ಯಾಪ್ಟನ್ ಹೈಂಜ್ ಎಕ್ ಪೆಲಿಯಸ್ ಎಂಬ ಗ್ರೀಕ್ ಹಡಗನ್ನು ಮುಳುಗಿಸಿದ. ತೇಲುತ್ತಿದ್ದ ತೆಪ್ಪಗಳ ಮೇಲೆ ಮೆಷಿನ್ ಗನ್ ಹಾರಿಸಿದ. ವಿಚಾರಣೆಯಲ್ಲಿ ಅವನ ವಾದ, ಅವಶೇಷ ಉಳಿದರೆ ವಿಮಾನಗಳು ನಮ್ಮ ಸಬ್‌ಮರೀನನ್ನು ಪತ್ತೆಹಚ್ಚುತ್ತಿದ್ದವು, ನನ್ನ ಜನರನ್ನ ಉಳಿಸಿಕೊಳ್ಳೋಕೆ ಹಾಗೆ ಮಾಡಿದೆ ಅಂತ. ಮಾರ್ಟನ್ ತರ್ಕಕ್ಕೂ ಇದಕ್ಕೂ ಬಹಳ ದೂರವಿಲ್ಲ. ಕೋರ್ಟು ಒಪ್ಪಲಿಲ್ಲ. 1945ರ ನವೆಂಬರ್ 30ರಂದು ಎಕ್ ಮತ್ತು ಅವನ ಇಬ್ಬರು ಅಧಿಕಾರಿಗಳನ್ನು ಬ್ರಿಟಿಷರು ಗುಂಡಿಕ್ಕಿ ಕೊಂದರು.

ಸೋತವರಿಗೆ ಕೋರ್ಟು, ಗೆದ್ದವರಿಗೆ ಪದಕ. ಇದನ್ನು ನ್ಯೂರೆಂಬರ್ಗ್ ಕೂಡ ಒಂದು ರೀತಿಯಲ್ಲಿ ಒಪ್ಪಿಕೊಂಡಿತು. 1942ರ ಸೆಪ್ಟೆಂಬರಿನಲ್ಲಿ ಜರ್ಮನ್ ಸಬ್‌ಮರೀನೊಂದು ಲಕೋನಿಯಾ ಎಂಬ ಬ್ರಿಟಿಷ್ ಹಡಗನ್ನು ಮುಳುಗಿಸಿತ್ತು. ಒಳಗಿದ್ದವರಲ್ಲಿ ಸುಮಾರು 1,800 ಮಂದಿ ಇಟಲಿಯ ಯುದ್ಧಕೈದಿಗಳು, ಅಂದರೆ ಜರ್ಮನಿಯ ಗೆಳೆಯರೇ. ನೀರಿನಿಂದ ಇಟಾಲಿಯನ್ ಭಾಷೆಯ ಕೂಗು ಕೇಳಿದ ಕ್ಯಾಪ್ಟನ್ ಹಾರ್ಟೆನ್‌ಸ್ಟೈನ್ ರಕ್ಷಣೆಗೆ ಇಳಿದ, ಎಲ್ಲರಿಗೂ ಕೇಳುವಂತೆ ರೇಡಿಯೊದಲ್ಲಿ ನೆರವು ಕೇಳಿದ. ಅಮೆರಿಕದ ವಿಮಾನ ಬಂದು ಅವನ ಮೇಲೆ ಬಾಂಬ್ ಹಾಕಿತು. ಮರುದಿನವೇ ಜರ್ಮನ್ ಸಬ್‌ಮರೀನ್ ಪಡೆಯ ಮುಖ್ಯಸ್ಥ ಡೋನಿಟ್ಜ್ ಇನ್ನು ಯಾರನ್ನೂ ಕಾಪಾಡಬೇಡಿ ಅಂತ ಆದೇಶ ಹೊರಡಿಸಿದ. ನ್ಯೂರೆಂಬರ್ಗಿನಲ್ಲಿ ಅವನನ್ನು ವಿಚಾರಿಸುವಾಗ, ನಾವೂ ಮೊದಲ ದಿನದಿಂದ ಅನಿರ್ಬಂಧಿತ ಯುದ್ಧವನ್ನೇ ಮಾಡಿದೆವು ಅಂತ ಅಮೆರಿಕದ ಅಡ್ಮಿರಲ್ ನಿಮಿಟ್ಜ್ ಬರೆದುಕೊಟ್ಟರು. ಹಾಗಾಗಿ ಸಬ್‌ಮರೀನ್ ಯುದ್ಧದ ನಿಯಮ ಮುರಿದ ತಪ್ಪನ್ನು ಡೋನಿಟ್ಜ್‌ನ ಶಿಕ್ಷೆಯ ಲೆಕ್ಕಕ್ಕೆ ಹಿಡಿಯಲೇ ಇಲ್ಲ. ಎರಡೂ ಕಡೆಯವರು ಮಾಡಿದ ತಪ್ಪು ತಪ್ಪೇ ಅಲ್ಲ ಅನ್ನೋ ಹಾಗಾಯಿತು.

ಜಪಾನಿಯರು ಇದರಲ್ಲಿ ಹಿಂದೆ ಬಿದ್ದಿರಲಿಲ್ಲ. 1943ರ ನವೆಂಬರಿನಲ್ಲಿ ಸುಯೆಜ್ ಮಾರು ಮುಳುಗಿದಾಗ, ಜಪಾನಿನ ಮೈನ್‌ಸ್ವೀಪರ್ ತಮ್ಮವರನ್ನು ಎತ್ತಿಕೊಂಡು, ಈಜುತ್ತಿದ್ದ ಬ್ರಿಟಿಷ್ ಮತ್ತು ಡಚ್ ಕೈದಿಗಳನ್ನು ಗುಂಡಿಟ್ಟು ಕೊಂದಿತು. ಬುಯೊ ಮಾರುವಿಗೆ ಒಂದೂವರೆ ತಿಂಗಳೊಳಗೆ ಬಿಸ್ಮಾರ್ಕ್ ಸಮುದ್ರದ ಕದನದಲ್ಲಿ ಮಿತ್ರಪಕ್ಷದ ವಿಮಾನಗಳು, ದೋಣಿಗಳು ನೀರಿಗೆ ಬಿದ್ದ ಜಪಾನಿಯರ ಮೇಲೆ ದಿನಗಟ್ಟಲೆ ಗುಂಡು ಸುರಿಸಿದವು. ನಾನು ಯಾರದು ಹೆಚ್ಚು ಕ್ರೂರ ಅನ್ನೋ ತಕ್ಕಡಿ ಹಿಡಿಯೋಕೆ ಹೊರಟಿಲ್ಲ. ಹಾಗೆ ಹಿಡಿದವರಿಗೆ ಯಾವಾಗಲೂ ತಮ್ಮ ಕಡೆಯ ತಟ್ಟೆ ಹಗುರಾಗೇ ಕಾಣುತ್ತೆ.

ಹಳೇ ಕಥೆ ಅನ್ನಿಸಿದರೆ, 2025ರ ಕೊನೆಯಲ್ಲಿ ಅಮೆರಿಕದಲ್ಲಿ ನಡೆದ ಗದ್ದಲ ನೆನಪಿಸಿಕೊಳ್ಳಿ. ಸೆಪ್ಟೆಂಬರ್ 2ರಂದು ಕೆರಿಬಿಯನ್ ಸಮುದ್ರದಲ್ಲಿ, ಡ್ರಗ್ಸ್ ಸಾಗಿಸುತ್ತಿದೆ ಅಂತ ಹೇಳಿ ಅಮೆರಿಕದ ಸೇನೆ ಒಂದು ದೋಣಿಯನ್ನು ಹೊಡೆಯಿತು. ಮೊದಲ ದಾಳಿಯಲ್ಲಿ ಬದುಕಿ ಅವಶೇಷ ಹಿಡಿದುಕೊಂಡಿದ್ದವರನ್ನು ಎರಡನೇ ದಾಳಿಯಲ್ಲಿ ಕೊಂದದ್ದು ಹೊರಬಂತು. ಅವರು ಕಳ್ಳಸಾಗಣೆದಾರರೇ ಅಲ್ಲವೇ ಅಂತ ಟಿವಿಗಳಲ್ಲಿ ಚರ್ಚೆ. ಅಮೆರಿಕದ ರಕ್ಷಣಾ ಇಲಾಖೆಯ ಯುದ್ಧ ಕಾನೂನಿನ ಕೈಪಿಡಿಯಲ್ಲಿ, ಪಾಲಿಸಲೇಬಾರದ ಆದೇಶಕ್ಕೆ ಉದಾಹರಣೆಯಾಗಿ ಕೊಟ್ಟಿರುವುದೇ ನೀರಿಗೆ ಬಿದ್ದವರ ಮೇಲೆ ಗುಂಡು ಹಾರಿಸುವ ಆದೇಶವನ್ನು.

ಕೈದಿಯೂ ಅಲ್ಲ, ಸೈನಿಕನೂ ಅಲ್ಲ

ಬುಯೊ ಮಾರುವಿನಿಂದ ಉಳಿದು ದಡ ಸೇರಿದವರಿಗೆ ಕಾದಿದ್ದು ಅದೇ ದ್ವೀಪಗಳ ಕೂಲಿ. ನ್ಯೂಗಿನಿಗೆ, ನ್ಯೂ ಬ್ರಿಟನ್ನಿಗೆ ಹೋದ ಸಾವಿರಾರು ಭಾರತೀಯ ಕೈದಿಗಳ ಪಾಡು ನಮ್ಮಲ್ಲಿ ಚರ್ಚೆಯಾಗಿದ್ದು ತೀರ ಕಡಿಮೆ. ಹಸಿವು, ಮಲೇರಿಯಾ, ಹೊಡೆತ, ಮೇಲಿಂದ ಮಿತ್ರಪಕ್ಷದ ಬಾಂಬು. 1945ರ ಸೆಪ್ಟೆಂಬರ್ ಕೊನೆಗೆ ಸೆಪಿಕ್ ನದಿಯ ಅಂಗೋರಂನಲ್ಲಿ ಆಸ್ಟ್ರೇಲಿಯನ್ನರಿಗೆ ಜೀವಂತ ಸಿಕ್ಕಿದ್ದು ಜಮಾದಾರ್ ಚಿಂತ್ ಸಿಂಗ್ ಮತ್ತು ಅವರ ಜೊತೆಗಿದ್ದ ಹತ್ತು ಜನ. ಸಾಕ್ಷಿ ಹೇಳೋದಕ್ಕೆ ಅಂತ ಚಿಂತ್ ಸಿಂಗ್ ಅವರನ್ನು ಮಾತ್ರ ಉಳಿಸಿಕೊಂಡರು. ಊರಿಗೆ ಹೊರಟ ಆ ಹತ್ತು ಮಂದಿ ದಾರಿಯಲ್ಲಿ ವಿಮಾನ ಅಪಘಾತದಲ್ಲಿ ಸತ್ತರು.

ರಬೌಲ್‌ನಲ್ಲಿ ಆಸ್ಟ್ರೇಲಿಯಾ ನಡೆಸಿದ ಯುದ್ಧಾಪರಾಧ ವಿಚಾರಣೆಗಳಲ್ಲಿ ಜಪಾನಿ ಆರೋಪಿಗಳು ಒಂದು ವಾದ ಮುಂದಿಟ್ಟರು. ಈ ಭಾರತೀಯರು ಯುದ್ಧಕೈದಿಗಳೇ ಅಲ್ಲ, ತಾವಾಗಿ ಜಪಾನಿ ಸೇನೆಗೆ ಸೇರಿಕೊಂಡ ಸಹಾಯಕ ಕೂಲಿಗಳು, ಹಾಗಾಗಿ ಹೊಡೆದದ್ದು ನಮ್ಮ ಸೇನೆಯ ಶಿಸ್ತಿನ ವಿಷಯ ಅಂತ. ಆಜಾದ್ ಹಿಂದ್ ಫೌಜಿಗೆ ಸೇರಲ್ಲ ಅಂತ ಹೇಳಿದ್ದಕ್ಕೇ ಅಲ್ಲಿಗೆ ಹೋಗಿಬಿದ್ದವರ ಬಗ್ಗೆ ಈ ಮಾತು! ಸಬ್‌ಮರೀನಿನಿಂದ ನೋಡಿದ ಅಮೆರಿಕನ್ನನಿಗೆ ಅವರು ಜಪಾನಿಯರು. ಜಪಾನಿ ಅಧಿಕಾರಿಗೂ ಅವರು ಜಪಾನಿ ಸೇನೆಯವರೇ.

1947ರ ಮೇಲೆ ನಮಗೆ? ನಮ್ಮ ರಾಷ್ಟ್ರಕಥೆಯಲ್ಲಿ ಫೌಜಿಗೆ ಸೇರಿದವನು ವೀರ. ಸೇರದವನು ಬ್ರಿಟಿಷರ ಸಂಬಳದ ಸಿಪಾಯಿ, ಅವನಿಗೆ ಹಾಡಿಲ್ಲ, ಸಿನಿಮಾ ಇಲ್ಲ. ಬೋಸ್ ಬಗ್ಗೆ ನನಗಿರುವ ಗೌರವ ಕಡಿಮೆ ಮಾಡಿಕೊಳ್ಳದೆಯೇ ಇದನ್ನು ಹೇಳಬಹುದು ಅಂದುಕೊಂಡಿದ್ದೇನೆ. ಇದರ ಮೇಲೆ ದೇಶವಿಭಜನೆ ಬೇರೆ. 16ನೇ ಪಂಜಾಬ್ ರೆಜಿಮೆಂಟಿನಲ್ಲಿ ಮುಸ್ಲಿಮರು, ಸಿಖ್ಖರು, ಡೋಗ್ರಾ ಹಿಂದೂಗಳು ಮೂವರೂ ಇದ್ದರು. ಸೇನೆ ಹಂಚಿಕೆಯಾದಾಗ ರೆಜಿಮೆಂಟು ಪಾಕಿಸ್ತಾನಕ್ಕೆ ಹೋಯಿತು, 1956ರಲ್ಲಿ ಅಲ್ಲಿನ ಪಂಜಾಬ್ ರೆಜಿಮೆಂಟಿನೊಳಗೆ ಸೇರಿಹೋಯಿತು. ತನ್ನದೆಂದು ಹೇಳಿಕೊಳ್ಳುವ ಉತ್ಸಾಹ ಎರಡೂ ದೇಶಗಳಿಗೆ ಬರದೇ ಇರೋದು ನನಗೆ ಆಶ್ಚರ್ಯ ತಂದಿಲ್ಲ.

ಒಂದು ಬದಲಾವಣೆ ಆಗಿದ್ದು ಕಾನೂನಿನಲ್ಲಿ. 1949ರ ಜಿನೀವಾ ಒಪ್ಪಂದಗಳಲ್ಲಿ ಎರಡನೆಯದು ನೀರಿಗೆ ಬಿದ್ದ ಸೈನಿಕರಿಗೆ ಸ್ಪಷ್ಟ ರಕ್ಷಣೆ ಕೊಟ್ಟಿತು. ಮೂರನೆಯದರ 46ನೇ ವಿಧಿ, ಕೈದಿಗಳನ್ನು ಸಮುದ್ರದಲ್ಲೋ ವಿಮಾನದಲ್ಲೋ ಸಾಗಿಸುವಾಗ ಸುರಕ್ಷತೆಗೆ ತಕ್ಕ ಎಚ್ಚರಿಕೆ ವಹಿಸಬೇಕು, ಹೊರಡುವ ಮೊದಲು ಎಲ್ಲರ ಹೆಸರಿನ ಪೂರ್ತಿ ಪಟ್ಟಿ ಮಾಡಬೇಕು ಅನ್ನುತ್ತೆ. ಭಾರತ 1950ರಲ್ಲೇ ಇವನ್ನು ಒಪ್ಪಿ 1960ರಲ್ಲಿ ತನ್ನದೇ ಕಾಯ್ದೆ ಮಾಡಿಕೊಂಡಿದೆ.

ಮಾರ್ಟನ್ ಯುದ್ಧ ಮುಗಿಯೋದನ್ನ ನೋಡಲಿಲ್ಲ. 1943ರ ಅಕ್ಟೋಬರ್ 11ರಂದು ಜಪಾನಿನ ಉತ್ತರದ ಜಲಸಂಧಿಯಲ್ಲಿ ವಾಹೂ ತನ್ನೆಲ್ಲ ನಾವಿಕರ ಜೊತೆ ಮುಳುಗಿತು. ಓಕೇನ್ ಬೇರೊಂದು ಸಬ್‌ಮರೀನಿನ ಕ್ಯಾಪ್ಟನ್ ಆದ. 1944ರ ಅಕ್ಟೋಬರಿನಲ್ಲಿ ಅದು ತನ್ನದೇ ಟಾರ್ಪೆಡೊ ತಿರುಗಿ ಬಂದು ಬಡಿದು ಮುಳುಗಿತು, ಅವನು ನೀರಿಗೆ ಬಿದ್ದ. ಜಪಾನಿ ಹಡಗೊಂದು ಅವನನ್ನು ಎತ್ತಿಕೊಂಡಿತು. ಅದರ ಮೇಲೆ ಅವನೇ ಮುಳುಗಿಸಿದ ಹಡಗುಗಳಿಂದ ಸುಟ್ಟ ಗಾಯಗಳೊಂದಿಗೆ ಬದುಕಿ ಬಂದವರಿದ್ದರು. ಅವರು ಅವನನ್ನು ಚೆನ್ನಾಗಿ ಬಡಿದರು, ಕೊಲ್ಲಲಿಲ್ಲ. ಹೊಡೆಯುತ್ತಿರೋದು ಯಾರು ಅಂತ ಗೊತ್ತಾದ ಮೇಲೆ ಆ ಹೊಡೆತವನ್ನ ಅಷ್ಟು ಸಿಟ್ಟಿಲ್ಲದೆ ತಿನ್ನೋದು ಸಾಧ್ಯವಾಯಿತು ಅಂತ ಅವನೇ ಆಮೇಲೆ ಬರೆದ.

1995ರಲ್ಲಿ ಜಪಾನಿನ ಉತ್ತರ ತುದಿಯ ಸೋಯಾ ಭೂಶಿರದಲ್ಲಿ ವಾಹೂ ನಾವಿಕರ ಕುಟುಂಬದವರೂ ಜಪಾನಿಯರೂ ಕೂಡಿ ಒಂದು ಶಾಂತಿ ಸ್ಮಾರಕ ಕಟ್ಟಿದರು. ಸಿಂಗಾಪುರದ ಕ್ರಾಂಜಿಯಲ್ಲಿ, ಗೋರಿಯಿಲ್ಲದೆ ಸತ್ತ 24,000ಕ್ಕೂ ಹೆಚ್ಚು ಸೈನಿಕರ ಹೆಸರಿರುವ ಸ್ಮಾರಕವಿದೆ, ಅದರಲ್ಲಿ ಭಾರತೀಯ ಹೆಸರುಗಳು ಗೋಡೆಗೋಡೆಗೂ ಇವೆ. ಕಾಮನ್‌ವೆಲ್ತ್ ಯುದ್ಧ ಸಮಾಧಿಗಳ ಆಯೋಗದ ವೆಬ್‌ಸೈಟಿನಲ್ಲಿ ರೆಜಿಮೆಂಟಿನ ಹೆಸರು ಹಾಕಿ ಯಾರು ಬೇಕಾದರೂ ಹುಡುಕಬಹುದು. ಭಾರತೀಯ ಸಿಪಾಯಿಗಳ ಹೆಸರಿನ ಮುಂದೆ ಸಾಮಾನ್ಯವಾಗಿ ಅಪ್ಪನ ಹೆಸರು, ಹಳ್ಳಿ, ತಹಸೀಲು, ಜಿಲ್ಲೆ ಬರೆದಿರುತ್ತೆ. ನಾನು 16ನೇ ಪಂಜಾಬ್ ಅಂತ ಹಾಕಿ ಕೂತಿದ್ದೆ ಒಂದು ರಾತ್ರಿ. ಜಿಲ್ಲೆಯ ಹೆಸರು ನೋಡಿದ ಹಾಗೆಲ್ಲ, ಇದು ಈಗ ಗಡಿಯ ಆಚೆಯದಾ ಈಚೆಯದಾ ಅಂತ ಮ್ಯಾಪಿನಲ್ಲಿ ನೋಡಬೇಕಾಗ್ತಿತ್ತು.